ಹೂಕೋಸು ಹಿಡಿದ ಕೈ

ಗೋಲ್‌ಕೀಪರ್ ಆಗಬೇಕೆಂದು ನನ್ನ ಹತ್ತಿರ ಬರುವ ಹುಡುಗಿಯರು ಮೊದಲು ಕೇಳುವುದು, ಯಾವ ಕಂಪನಿಯ ಗ್ಲೋವ್ಸ್ ಕೊಳ್ಳಬೇಕು ಅಂತ. ನಾನು ಉತ್ತರ ಕೊಡುವ ಬದಲು ನನ್ನ ಬಲಗೈ ತೋರಿಸುತ್ತೇನೆ. ಕಿರುಬೆರಳು ಒಂದು ಕಡೆ, ಉಂಗುರದ ಬೆರಳು ಇನ್ನೊಂದು ಕಡೆ ತಿರುಗಿಕೊಂಡು, ಜಗಳವಾಡಿದ ಓರಗಿತ್ತಿಯರ ಹಾಗೆ ಮುಖ ಕೊಡದೆ ನಿಂತಿವೆ. ಅದನ್ನು ನೋಡಿದ ಮೇಲೆ ಅರ್ಧ ಜನ ತಾವು ಫಾರ್ವರ್ಡ್ ಆಡುವುದಾಗಿ ಮನಸ್ಸು ಬದಲಾಯಿಸುತ್ತಾರೆ. ಉಳಿದ ಅರ್ಧ ಜನರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಪದಕಗಳ ವಿಷಯ ಬರೆಯುವುದಿಲ್ಲ. ಅವು ಅಮ್ಮನ ಟ್ರಂಕಿನಲ್ಲಿ, ಆಕೆ ನೇಪಾಳದಿಂದ ತಂದ ಉಣ್ಣೆ ಕಂಬಳಿಯ ಕೆಳಗಿವೆ. ಆ ಕಂಬಳಿಯನ್ನು ಹೊರಗೆ ತೆಗೆಯುವಂಥ ಚಳಿ ಹಿಂದೂಪುರದಲ್ಲಿ ನಾನು ಹುಟ್ಟಿದಾಗಿನಿಂದ ಬಂದಿಲ್ಲ. ಹಾಗಾಗಿ ಪದಕಗಳೂ ಹೊರಗೆ ಬಂದಿಲ್ಲ.

ನಮ್ಮಪ್ಪ ದಿಲ್ ಬಹದ್ದೂರ್ ನೇಪಾಳದ ಬೆಟ್ಟದ ಮೇಲಿನ ಒಂದು ಹಳ್ಳಿಯವನು. ಬೆಂಗಳೂರಿನಲ್ಲಿ ಹೋಟೆಲ್ ಕೆಲಸ ಇದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅಮ್ಮನನ್ನು ಕರೆದುಕೊಂಡು ರೈಲು ಹತ್ತಿದ್ದ. ನಾಲ್ಕು ದಿನ ಕೂತು ಸುಸ್ತಾಗಿ, ಬೆಂಗಳೂರು ಬಂದೇಬಿಟ್ಟಿತೆಂದುಕೊಂಡು ಆಂಧ್ರದ ಗಡಿಯ ಹಿಂದೂಪುರದಲ್ಲಿ ಇಳಿದುಬಿಟ್ಟ. ಇಳಿದ ಮೇಲೆ ತಪ್ಪು ಗೊತ್ತಾಯಿತು. ಆದರೆ ಹೆಂಡತಿಯ ಮುಂದೆ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ, ಇದೇ ನಾವು ಬರಬೇಕಾಗಿದ್ದ ಊರು ಅಂದ. ಅಮ್ಮನಿಗೆ ನಿಜ ಗೊತ್ತಾಗುವ ಹೊತ್ತಿಗೆ ನಾನು ಹುಟ್ಟಿದ್ದೆ, ಬಸ್‌ಸ್ಟ್ಯಾಂಡಿನ ಪಕ್ಕ ಗೋಬಿ ಮಂಚೂರಿ ಗಾಡಿ ನಿಂತಿತ್ತು, ಅಪ್ಪ ಊರಿಗೆಲ್ಲ ಬಾದ್ರಣ್ಣ ಆಗಿದ್ದ, ಮಾಯಾ ಆಗಿದ್ದ ಅಮ್ಮ ಮಾಯಮ್ಮ ಆಗಿದ್ದಳು. ಅಪ್ಪನ ಈ ಸ್ವಭಾವ, ತಪ್ಪನ್ನು ಬಾಯಿ ಬಿಟ್ಟು ಹೇಳದೆ ವರ್ಷಗಟ್ಟಲೆ ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಸ್ವಭಾವ, ನೆನಪಿರಲಿ. ಮುಂದೆ ಬೇಕಾಗುತ್ತದೆ.

ನನ್ನ ಟ್ರೇನಿಂಗ್ ಶುರುವಾದದ್ದು ತರಕಾರಿ ಮಾರ್ಕೆಟ್ಟಿನಲ್ಲಿ. ಗೌರಿಬಿದನೂರು ಕಡೆಯಿಂದ ಬೆಳಿಗ್ಗೆ ಹೂಕೋಸಿನ ಟೆಂಪೋ ಬರುತ್ತಿತ್ತು. ಅಪ್ಪ ಟೆಂಪೋ ಮೇಲೆ ಹತ್ತಿ, ಒಂದೊಂದೇ ಹೂವನ್ನು ತಿರುವಿ ನೋಡಿ, ಒಪ್ಪಿಗೆಯಾದದ್ದನ್ನು ಕೆಳಗೆ ಎಸೆಯುತ್ತಿದ್ದ. ಎಸೆಯುವಾಗ "ಸಮಾತ್" ಎಂದು ಕೂಗುತ್ತಿದ್ದ. ನಮ್ಮ ಮನೆಮಾತು ನೇಪಾಳಿಯಲ್ಲಿ ಹಾಗೆಂದರೆ ಹಿಡಿದುಕೋ ಅಂತ. ಕೆಳಗೆ ನಿಂತ ನಾನು ಹಿಡಿದು ಮೂಟೆಗೆ ಹಾಕಬೇಕು. ಹೂಕೋಸನ್ನು ಗಟ್ಟಿಯಾಗಿ ಹಿಡಿದರೆ ಹೂವು ಜಜ್ಜುತ್ತದೆ, ಮಧ್ಯಾಹ್ನಕ್ಕೆ ಕಪ್ಪಾಗುತ್ತದೆ. ಸಡಿಲ ಬಿಟ್ಟರೆ ನೆಲಕ್ಕೆ ಬಿದ್ದು ಒಡೆಯುತ್ತದೆ. ಅದು ಬರುವ ವೇಗಕ್ಕೆ ಕೈಯನ್ನು ಸ್ವಲ್ಪ ಹಿಂದೆ ಎಳೆದುಕೊಂಡು ಎದೆಗೆ ತಂದುಕೊಳ್ಳಬೇಕು. ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಬೇರೆ ಕಡೆ ನೋಡುತ್ತಿದ್ದರೂ "ಸಮಾತ್" ಕೇಳಿದರೆ ಸಾಕು, ಕೈ ತಾನೇ ಮೇಲೆ ಹೋಗುತ್ತಿತ್ತು.

ನನ್ನನ್ನು ಕನ್ನಡ ಶಾಲೆಗೆ ಸೇರಿಸಿದ್ದು ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ತೆಲುಗು ಶಾಲೆಗೆ ಹೋಗಲು ರೈಲು ಹಳಿ ದಾಟಬೇಕಿತ್ತು, ಕನ್ನಡ ಶಾಲೆಗೆ ಬೇಡವಾಗಿತ್ತು. ಅಲ್ಲಿದ್ದ ಡ್ರಿಲ್ ಮೇಷ್ಟ್ರು ನರಸಿಂಹಪ್ಪನವರು ನಿಜವಾಗಿ ಕಬಡ್ಡಿಯವರು. ಮೇಲಿನಿಂದ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮು ಮಾಡಿ ಎಂದು ಆರ್ಡರ್ ಬಂದಾಗ, ಇಂಗ್ಲಿಷಿನ ಒಂದು ರೂಲ್ ಬುಕ್ ಸಂಪಾದಿಸಿ, ವಾರಕ್ಕೆ ಒಂದು ಪುಟದ ಹಾಗೆ ಓದಿ ನಮಗೆ ಕಲಿಸತೊಡಗಿದರು. ಪುಸ್ತಕದಲ್ಲಿ ಯಾವ ರೂಲು ಮೊದಲಿತ್ತೋ ಅದು ನಮಗೆ ಮೊದಲು ಬಂತು. ಗೋಲಿನಲ್ಲಿ ನಿಲ್ಲಲು ಯಾರೂ ಒಪ್ಪಲಿಲ್ಲ. ಸರಿತಾ ಎಂಬ ನನ್ನ ಹೆಸರು ಬಂದಾಗ ಮೇಷ್ಟ್ರು, ಗೂರ್ಖಾ ಮಗಳು ಕಾವಲಿಗೆ ಸರಿ ಎಂದು ತೀರ್ಮಾನ ಮಾಡಿದರು. ನಮ್ಮಪ್ಪ ಒಂದು ದಿನವೂ ಕಾವಲು ಕೆಲಸ ಮಾಡಿದವನಲ್ಲ, ಗೋಬಿ ಕರಿಯುವವನು ಎಂದು ಹೇಳಿದೆ. ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಕಲ್ಯಾಣದುರ್ಗದಲ್ಲಿ ಶಾಲೆಗಳ ಪಂದ್ಯ ಇತ್ತು. ಚೆನ್ನಾಗಿ ಆಡಿದವರನ್ನು ಜಿಲ್ಲಾ ಟೀಮಿಗೆ ಆರಿಸುತ್ತಾರೆ ಎಂದು ಸುದ್ದಿ. ಅಪ್ಪ ಮೊದಲ ಸಲ ಗಾಡಿಗೆ ಟಾರ್ಪಾಲು ಕಟ್ಟಿ ರಜೆ ಹಾಕಿ ನಮ್ಮ ಬಸ್ಸು ಹತ್ತಿದ. ಪೆನುಕೊಂಡ ದಾಟುವವರೆಗೂ ಪಕ್ಕದವರಿಗೆಲ್ಲ ತನ್ನ ಮಗಳ ಕೈ ಎಂಥದ್ದು ಎಂದು ಹೇಳುತ್ತಲೇ ಇದ್ದ. ನಾನು ಕಿಟಕಿ ಕಡೆ ಮುಖ ತಿರುಗಿಸಿ, ಇವನು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಕೂತಿದ್ದೆ. ಆದರೂ ಒಳಗೆ ಖುಷಿಯಾಗಿತ್ತು.

ಕಲ್ಯಾಣದುರ್ಗದ ಮೈದಾನದಲ್ಲಿ ಆಟಕ್ಕೆ ಮುಂಚೆ ಎರಡೂ ಟೀಮು ಸೇರಿ ಕಲ್ಲು ಆರಿಸಬೇಕಿತ್ತು. ಸುತ್ತ ಕೂತವರು ಹುರಿದ ಕಡಲೆಕಾಯಿ ತಿಂದು ಸಿಪ್ಪೆಯನ್ನು ಗೆರೆಯ ಮೇಲೇ ಹಾಕುತ್ತಿದ್ದುದರಿಂದ ಸ್ವಲ್ಪ ಹೊತ್ತಿನಲ್ಲೇ ಸುಣ್ಣದ ಗೆರೆ ಯಾವುದು, ಸಿಪ್ಪೆಯ ಗೆರೆ ಯಾವುದು ಗೊತ್ತಾಗದೆ ಹೋಯಿತು. ಎದುರು ಟೀಮಿನಲ್ಲಿ ಲಕ್ಷ್ಮೀದೇವಿ ಅಂತ ಒಬ್ಬಳಿದ್ದಳು. ಸೆಟ್ಟೂರಿನ ಕುರಿ ಕಾಯುವವರ ಮನೆಯ ಹುಡುಗಿ, ಬರಿಗಾಲಲ್ಲಿ ಒದ್ದರೆ ಚೆಂಡು ಕೂಗಿಕೊಂಡು ಬರುತ್ತಿತ್ತು. ಅಂತೂ ಆಟ ಮುಗಿಯಲು ಸ್ವಲ್ಪವೇ ಬಾಕಿ ಇರುವವರೆಗೂ ಗೋಲಾಗದಂತೆ ತಡೆದೆ.

ಆಗ ನಮ್ಮ ಕಡೆಯ ಹುಡುಗಿಯೊಬ್ಬಳು ಎದುರಾಳಿಯ ತಲೆಯ ಹತ್ತಿರ ಕಾಲೆತ್ತಿದಳು. ರೆಫ್ರಿ ಸೀಟಿ ಊದಿ, ಒಂದು ಕೈಯನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ನಿಂತ. ಬಾಯಾರಿಕೆಯಾಗಿ ನೀರಿನವನನ್ನು ಕರೆಯುತ್ತಿದ್ದಾನೆ ಅಂದುಕೊಂಡೆ. ಲಕ್ಷ್ಮೀದೇವಿ ಗೋಲಿನ ಮೇಲ್ಮೂಲೆಗೆ ಗುರಿಯಿಟ್ಟು ನೇರವಾಗಿ ಒದ್ದಳು. ಅದು ನನಗೆ ಸಿಗುವ ಚೆಂಡಲ್ಲ. ಅಷ್ಟರಲ್ಲಿ ಗೋಲಿನ ಪಕ್ಕದಿಂದ, ಇಡೀ ಮೈದಾನದಲ್ಲಿ ನನಗೊಬ್ಬಳಿಗೇ ಅರ್ಥವಾಗುವ ಒಂದು ಮಾತು ಕೇಳಿಸಿತು.

"ಸಮಾತ್!"

ಹೇಗೆ ಹಾರಿದೆನೋ ಗೊತ್ತಿಲ್ಲ, ಬೆರಳ ತುದಿ ಚೆಂಡಿಗೆ ತಾಗಿತು. ತಾಗಿ, ಚೆಂಡು ಒಳಗೆ ಹೋಯಿತು. ಒಂದೇ ಗೋಲಿನಿಂದ ಸೋತೆವು. ಈ ಬೆರಳು ಮೊದಲು ಸೊಟ್ಟಗಾದದ್ದೂ ಅವತ್ತೇ.

ಆಟ ಮುಗಿದ ಮೇಲೆ ರೆಫ್ರಿ ನಮ್ಮ ಮೇಷ್ಟ್ರಿಗೆ ವಿವರಿಸಿದ. ಅದು ಇನ್‌ಡೈರೆಕ್ಟ್ ಫ್ರೀ ಕಿಕ್. ಒದ್ದ ಚೆಂಡು ಇನ್ನೊಬ್ಬ ಆಟಗಾರರನ್ನು ಮುಟ್ಟಿ ಒಳಗೆ ಹೋದರೆ ಮಾತ್ರ ಗೋಲು, ಯಾರನ್ನೂ ಮುಟ್ಟದೆ ನೇರ ಹೋದರೆ ಗೋಲಿಲ್ಲ. ರೆಫ್ರಿ ಕೈ ಮೇಲೆತ್ತಿ ನಿಲ್ಲುವುದು ಅದರ ಗುರುತು. ಅಂದರೆ ನಾನು ಸೋಮಾರಿಯಾಗಿ ಸುಮ್ಮನೆ ನಿಂತಿದ್ದರೆ ನಾವು ಸೋಲುತ್ತಿರಲಿಲ್ಲ. ಲಕ್ಷ್ಮೀದೇವಿಗೂ ಆ ರೂಲು ಗೊತ್ತಿರಲಿಲ್ಲ ಅನ್ನುವುದೊಂದೇ ಸಮಾಧಾನ. ವಾಪಸು ಬಸ್ಸಿನಲ್ಲಿ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಇದನ್ನು ಹೇಳಿ, ಕೊನೆಗೆ ತಲೆ ಕೆರೆದುಕೊಂಡರು.

"ನಾವಿನ್ನಾ ಆ ಪೇಜ್‌ಗೆ ಬಂದಿರ್ಲಿಲ್ಲ ಕಣಮ್ಮ."

ಅಪ್ಪ ಹಿಂದಿನ ಸೀಟಿನಲ್ಲಿ ಕೂತಿದ್ದ. ಹೋಗುವಾಗ ಬಾಯಿ ಮುಚ್ಚದವನು ಬರುವಾಗ ಒಂದು ಮಾತೂ ಆಡಲಿಲ್ಲ.

ಜಿಲ್ಲಾ ಟೀಮಿನ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರಿತ್ತು. ಆರಿಸಲು ಬಂದಿದ್ದವರು ಮೇಷ್ಟ್ರ ಹತ್ತಿರ, ರೂಲನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು, ಆ ಹಾರುವಿಕೆಯನ್ನು ಕಲಿಸಲಾಗದು ಅಂದರಂತೆ. ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಆ ಪಂದ್ಯದ ಹೆಸರೆತ್ತಿದರೆ ಅವನು ಎದ್ದು ಹೋಗುತ್ತಿದ್ದ. ತಾನು ಎಲ್ಲರ ಮುಂದೆ ಹೊಗಳಿದ ಮಗಳು ಮಾನ ಕಳೆದಳು ಎಂದು ಅವನಿಗೆ ನಾಚಿಕೆ ಅಂದುಕೊಂಡೆ.

ಹೆಣ್ಣುಮಕ್ಕಳಿಗೆ ಸಂಬಳ ಕೊಡುವ ಕ್ಲಬ್ಬುಗಳು ಬಂದದ್ದು ತಡವಾಗಿ. ಅಲ್ಲಿಯವರೆಗೆ ಬಸ್ ಚಾರ್ಜು, ಊಟ ಸಿಕ್ಕಿದರೆ ಅದೇ ದೊಡ್ಡದು. ನನ್ನ ಮೊದಲ ಗ್ಲೋವ್ಸು ಇಟ್ಟಿಗೆ ಗೂಡಿನವರು ಹಾಕಿಕೊಳ್ಳುವ ದಪ್ಪ ಬಟ್ಟೆಯವು. ಒದ್ದೆಯಾದರೆ ಚೆಂಡು ಸಾಬೂನಿನ ಹಾಗೆ ಜಾರುತ್ತಿತ್ತು. ಬೆಂಗಳೂರಿನ ಕ್ಲಬ್ಬು ಸೇರಿದಾಗ ಮೊದಲ ಸಲ ನಿಜವಾದ ಗ್ಲೋವ್ಸ್ ಕೊಟ್ಟರು. ನಾನು ಅವನ್ನು ಎರಡು ವಾರ ಬಳಸದೆ ಕವರಿನಲ್ಲೇ ಇಟ್ಟು ಮ್ಯಾನೇಜರಮ್ಮನ ಹತ್ತಿರ ಬೈಸಿಕೊಂಡೆ. ಆ ಮ್ಯಾನೇಜರಮ್ಮ ಒಳ್ಳೆಯವರು, ಆದರೆ ಆಟಕ್ಕಿಂತ ಅನ್ನದ ಮೇಲೆ ಅವರಿಗೆ ಹೆಚ್ಚು ಕಣ್ಣು. ನಾನು ರಜೆಗೆ ಊರಿಗೆ ಹೋಗಿಬಂದರೆ ನನ್ನ ಚೀಲವನ್ನು ಮೂಸಿ ನೋಡಿ, ಗೋಬಿ ಡಬ್ಬಿಯನ್ನು ತಪಾಸಣೆಗೆ ಎಂದು ತೆಗೆದುಕೊಂಡು ಹೋಗುತ್ತಿದ್ದರು. ಡಬ್ಬಿ ಮಾತ್ರ ತೊಳೆದು ವಾಪಸು ಬರುತ್ತಿತ್ತು.

ಗೋವಾದ ಕ್ಲಬ್ಬಿನಲ್ಲಿ ಪರದೇಶದ ಒಬ್ಬ ಕೋಚ್ ಇದ್ದ. ಮೊದಲ ದಿನ ಹತ್ತಾರು ಚೆಂಡು ಒದ್ದು, ನಾನು ಹಿಡಿಯುವುದನ್ನು ಸುಮ್ಮನೆ ನೋಡಿದ. ಇಷ್ಟು ಮೆತ್ತಗೆ ಹಿಡಿಯುವವರನ್ನು ತಾನು ಕಂಡಿಲ್ಲ, ಯಾರು ಕಲಿಸಿದರು ಅಂದ. ನಮ್ಮಪ್ಪ ಅಂದೆ. ಯಾವ ಕ್ಲಬ್ಬಿನಲ್ಲಿ ಕೋಚು ಎಂದು ಕೇಳಿದ. ಹಿಂದೂಪುರ ಬಸ್‌ಸ್ಟ್ಯಾಂಡು ಅಂದೆ. ಅವನು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಅದೇ ಮನುಷ್ಯ ಮುಂದೆ ನನ್ನ ತಲೆನೋವಾದ. ಕಾಲ ಬದಲಾಗಿದೆ, ಕೀಪರಿಗೆ ಕೈ ಸಾಲದು, ಕಾಲಲ್ಲೂ ಪಾಸ್ ಕೊಡಬೇಕು ಎಂದ. ಇಷ್ಟು ವರ್ಷ ಕಾಲು ನನಗೆ ನಿಲ್ಲುವುದಕ್ಕೆ ಮಾತ್ರ ಇತ್ತು. ಆಮೇಲೆ ಟ್ಯಾಬ್ ಬಂತು, ಯಾರು ಪೆನಾಲ್ಟಿಯನ್ನು ಯಾವ ಕಡೆ ಒದೆಯುತ್ತಾರೆ ಎಂದು ಅದರಲ್ಲಿ ತೋರಿಸುತ್ತಿದ್ದರು. ಒಂದು ಸಲ ಅದನ್ನು ಪೂರ್ತಿ ನಂಬಿ ಎಡಕ್ಕೆ ಹಾರಿದೆ. ಚೆಂಡು ಬಲಕ್ಕೆ ಹೋಯಿತು. ಆ ಹುಡುಗಿಯ ಹತ್ತಿರವೂ ಒಂದು ಟ್ಯಾಬ್ ಇತ್ತಂತೆ. ನನ್ನ ಮಾತು ಕೇಳುವುದಾದರೆ, ಟ್ಯಾಬ್ ನೋಡಿ, ಆದರೆ ಒದೆಯುವವಳ ಸೊಂಟ ಯಾವ ಕಡೆ ತಿರುಗುತ್ತದೆಂಬುದನ್ನೂ ನೋಡಿ.

ಒಮ್ಮೆ ಕ್ಲಬ್ಬಿನ ಪರವಾಗಿ ಕಾಠ್ಮಂಡುವಿಗೆ ಹೋಗಿದ್ದೆವು. ಅಲ್ಲಿ ಎಲ್ಲರೂ ನನ್ನವರ ಹಾಗೇ ಕಾಣುತ್ತಿದ್ದರು. ನಾನು ಠೀವಿಯಿಂದ ಅಂಗಡಿಗೆ ಹೋಗಿ ನೇಪಾಳಿಯಲ್ಲಿ ಚಹಾ ಕೇಳಿದೆ. ಅಂಗಡಿಯಾಕೆ ಪೂರ್ತಿ ಕೇಳಿಸಿಕೊಂಡು, ನೀವು ಮದ್ರಾಸಿನ ಕಡೆಯವರೇ ಅಂದಳು. ನನ್ನ ನೇಪಾಳಿಯಲ್ಲಿ ಎರಡು ಮಾತಿಗೊಂದು ಕಣಮ್ಮ ಸೇರಿಕೊಂಡಿತ್ತಂತೆ. ಹಿಂದೂಪುರದಲ್ಲಿ ನೇಪಾಳದವಳು, ನೇಪಾಳದಲ್ಲಿ ಮದ್ರಾಸಿನವಳು ಆಗಿ ಚಹಾ ಕುಡಿದು ಬಂದೆ.

ಇಷ್ಟು ವರ್ಷಗಳಲ್ಲಿ ಅಪ್ಪ ಒಂದು ಪಂದ್ಯಕ್ಕೂ ಬರಲಿಲ್ಲ. ಬೆಂಗಳೂರು ಎರಡು ಗಂಟೆಯ ದಾರಿ. ಪ್ರತಿ ಸಲ ಕರೆದೆ, ಪ್ರತಿ ಸಲ ಒಂದು ನೆಪ. ಸಿಲಿಂಡರ್ ಬರುತ್ತದೆ, ಮಂಡಿ ನೋವು, ಶನಿವಾರ ಗಿರಾಕಿ ಜಾಸ್ತಿ. ಅಮ್ಮ ಮಾತ್ರ ಬರುತ್ತಿದ್ದಳು. ಬಂದು, ಆಟ ಶುರುವಾದ ಕೂಡಲೇ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತ ಕೂತು, ಮುಗಿದ ಮೇಲೆ ಕಣ್ಣು ಬಿಟ್ಟು ಗೆದ್ದಿರಾ ಎಂದು ಕೇಳುತ್ತಿದ್ದಳು. ಆಡುವವರಿಗೆ ಗೊತ್ತು, ಸಾವಿರ ಜನ ಕೂತಿದ್ದರೂ ಕಣ್ಣು ಹುಡುಕುವುದು ಒಂದು ಮುಖವನ್ನು. ನನ್ನ ಕಣ್ಣು ಪ್ರತಿ ಮೈದಾನದಲ್ಲೂ ಹುಡುಕಿತು. ಸುಳ್ಳೇಕೆ ಹೇಳಲಿ, ಹೋಟೆಲಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತದ್ದೂ ಉಂಟು.

ಭುಜ ಕೈಕೊಟ್ಟ ಮೇಲೆ ಆಟ ಬಿಟ್ಟು ಊರಿಗೆ ಬಂದೆ. ಲಕ್ಷ್ಮೀದೇವಿ ಅಷ್ಟರಲ್ಲಿ ಕಲ್ಯಾಣದುರ್ಗದ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದಳು. ತನ್ನ ಹುಡುಗಿಯರಿಗೆ ಕೀಪಿಂಗ್ ಕಲಿಸಲು ನನ್ನನ್ನು ಕರೆದಳು. ಈಗ ವಾರಕ್ಕೆ ಮೂರು ದಿನ ಬಸ್ಸಿನಲ್ಲೋ ಶೇರ್ ಜೀಪಿನಲ್ಲೋ ನೇತಾಡಿಕೊಂಡು ಹೋಗಿಬರುತ್ತೇನೆ. ಪರಿಚಯ ಮಾಡಿಕೊಡುವಾಗಲೆಲ್ಲ ಅವಳು ಹುಡುಗಿಯರಿಗೆ ಹೇಳುವುದು ಒಂದೇ ಮಾತು, ತನ್ನ ಜೀವನದ ಮೊದಲ ದೊಡ್ಡ ಗೋಲನ್ನು ಹಾಕಿಕೊಟ್ಟ ಪುಣ್ಯಾತ್ಗಿತ್ತಿ ಇವಳೇ ಅಂತ. ಹಿಂದೂಪುರ, ಕಲ್ಯಾಣದುರ್ಗದ ಹಳೆಯ ಆಟಗಾರ್ತಿಯರನ್ನು ಸೇರಿಸಿ, ಅವತ್ತು ಸೋತ ಅದೇ ಮೈದಾನದಲ್ಲಿ ನನಗೊಂದು ಬೀಳ್ಕೊಡುಗೆ ಪಂದ್ಯ ಇಟ್ಟವಳೂ ಅವಳೇ. ಅದಾದ ಮೇಲೆ ಇನ್ನೊಂದು ಪಂದ್ಯ ಆಡುವಷ್ಟು ಭುಜ ಉಳಿದಿರಲಿಲ್ಲ. ಅಪ್ಪ ನೋಡುವುದಿದ್ದರೆ ಇದೊಂದೇ ಉಳಿದಿದ್ದದ್ದು.

ಮಧ್ಯಾಹ್ನ ಅಪ್ಪ ಗಾಡಿ ಹತ್ತಿರ ಹೂಕೋಸು ಬಿಡಿಸುತ್ತ ಕೂತಿದ್ದಾಗ ಹೋಗಿ ಕೇಳಿದೆ. ಅವನು ಸಿಲಿಂಡರ್ ಎಂದು ಶುರು ಮಾಡಿದ. ಸಿಲಿಂಡರ್ ನಿನ್ನೆ ಬಂದಿದೆ ಅಂದೆ. ಮಂಡಿ ಅಂದ. ಟೆಂಪೋ ಹತ್ತುವ ಮಂಡಿಗೆ ಬಸ್ಸು ಹತ್ತಲು ಏನು ಕಷ್ಟ ಅಂದೆ. ಅಪ್ಪ ಚಾಕು ಕೆಳಗಿಟ್ಟ.

"ನಾ ಬಂದ್ರೆ ನನ್ ಬಾಯಿ ಸುಮ್ಕಿರಲ್ಲ ಕಣಮ್ಮ. ಅವತ್ತು ನೀ ಸುಮ್ಕೆ ನಿಂತಿರ್ತಿದ್ದೆ. ನಾ ಕೂಗ್ಬುಟ್ಟೆ, ನೀ ಹಾರ್ಬುಟ್ಟೆ. ನಿನ್ ಸೋಲ್ಸಿದ್ದು ನಾನು."

ಇಷ್ಟು ವರ್ಷ ಅವನಿಗೆ ನನ್ನ ಮೇಲೆ ನಾಚಿಕೆ ಎಂದು ನಾನು ಒಳಗೆ ಕೊರಗಿದ್ದೆ, ತನ್ನ ಬಾಯಿಯ ಮೇಲೆ ನಾಚಿಕೆಯಿಂದ ಅವನು ಗಾಡಿಯ ಹಿಂದೆ ಅಡಗಿದ್ದ. ಬೆಂಗಳೂರನ್ನು ತಪ್ಪಿಸಿಕೊಂಡದ್ದನ್ನೇ ಹೇಳದವನು ಇದನ್ನು ಹೇಳುತ್ತಾನೆಯೇ. ಅವತ್ತು ನನಗೂ ರೂಲು ಗೊತ್ತಿರಲಿಲ್ಲ, ನೀನು ಕೂಗದಿದ್ದರೂ ಕೈ ಚಾಚುತ್ತಿದ್ದೆ ಎಂದೆ. ಆ ಹಾರುವಿಕೆ ನೋಡಿಯೇ ನನ್ನನ್ನು ಆರಿಸಿದ್ದು, ನೀನು ಕೂಗಿರದಿದ್ದರೆ ಅಷ್ಟು ಎತ್ತರ ಹಾರುತ್ತಲೇ ಇರಲಿಲ್ಲ ಎಂದೂ ಹೇಳಿದೆ. ಅಪ್ಪ ನಂಬಲಿಲ್ಲ. ಒಲೆಯ ಹತ್ತಿರ ನಿಂತಿದ್ದ ಅಮ್ಮ, ಇನ್ನೊಂದು ವಿಷಯವನ್ನೂ ಹೇಳು ಎಂದು ಅವನನ್ನು ತಿವಿದಳು. ಅವನು ಹೇಳದಿದ್ದಾಗ ತಾನೇ ಹೇಳಿದಳು. ನನ್ನ ಪಂದ್ಯ ಫೋನಿನಲ್ಲಿ ಬರುವ ದಿನ ಅಪ್ಪ ಬಾಣಲೆ ಪಕ್ಕ ಫೋನ್ ನಿಲ್ಲಿಸಿಕೊಂಡು ನೋಡುತ್ತಿದ್ದನಂತೆ. ಸರಿತಾಳ ಮ್ಯಾಚ್ ಇದ್ದರೆ ಬಾದ್ರಣ್ಣನ ಗೋಬಿ ಕರಕಲು ಎಂದು ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಂತೆ. ಗೊತ್ತಿಲ್ಲದಿದ್ದವಳು ನಾನೊಬ್ಬಳೇ.

ಪಂದ್ಯದ ದಿನ ಅಪ್ಪ ಬಂದ. ಹೆಗಲ ಟವಲ್ಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಅಮ್ಮನನ್ನು ಕಾವಲಿಗೆ ಪಕ್ಕ ಕೂರಿಸಿಕೊಂಡು, ಗೋಲಿನ ಪಕ್ಕದಲ್ಲೇ ಕೂತ. ಗೂರ್ಖಾ ಮನೆಯಲ್ಲಿ ಮೊದಲ ಸಲ ಒಬ್ಬರು ಕಾವಲಿಗೆ ಕೂತದ್ದು, ಆಟ ನೋಡಲು ಬಂದಿದ್ದ ನರಸಿಂಹಪ್ಪ ಮೇಷ್ಟ್ರಿಗೆ ಬಹಳ ತೃಪ್ತಿ ಕೊಟ್ಟಿತು. ಅಮ್ಮ ತನ್ನ ಕೆಲಸಕ್ಕಾಗಿ ಕಣ್ಣು ತೆರೆದಿಟ್ಟಿದ್ದಳು, ಹಾಗಾಗಿ ಅವಳು ನನ್ನ ಆಟ ನೋಡಿದ್ದು ಅವತ್ತೇ ಮೊದಲು.

ನಾವೆಲ್ಲ ವಯಸ್ಸಾದವರು, ಆಟ ನಡಿಗೆಗಿಂತ ಸ್ವಲ್ಪ ಜೋರಾಗಿತ್ತು ಅಷ್ಟೆ. ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಒಬ್ಬಾಕೆ ಕಾಲೆತ್ತಿದ್ದು ಹೆಚ್ಚಾಯಿತೆಂದು ರೆಫ್ರಿ ಸೀಟಿ ಊದಿ ಕೈ ಮೇಲೆತ್ತಿದಳು. ರೆಫ್ರಿ ಲಕ್ಷ್ಮೀದೇವಿಯ ಶಿಷ್ಯೆ. ಆ ಫೌಲಿನ ಬಗ್ಗೆ ನನಗೆ ಇವತ್ತಿಗೂ ಅನುಮಾನವಿದೆ. ಲಕ್ಷ್ಮೀದೇವಿ ಚೆಂಡಿಟ್ಟು, ನನ್ನನ್ನು ನೋಡಿ ನಕ್ಕಳು.

"ಹಿಡ್ಕೊಳ್ಳೇ ಈ ಸಲನಾದ್ರೂ."

ಹೇಳಿ, ಅದೇ ಮೇಲ್ಮೂಲೆಗೆ ನೇರವಾಗಿ ಒದ್ದಳು. ನಾನು ಆ ರೂಲನ್ನು ನೂರಾರು ಹುಡುಗಿಯರಿಗೆ ಕಲಿಸಿದವಳು. ಆದರೂ ಆ ಮೈದಾನ, ಆ ಮೂಲೆ, ಪಕ್ಕದಲ್ಲಿ ಅಪ್ಪ. ಕೈ ತಾನೇ ಮೇಲೆ ಹೊರಟಿತು. ಓರೆಗಣ್ಣಿಗೆ ಅಪ್ಪ ಕಂಡ. ಎದ್ದು ನಿಂತಿದ್ದ, ಟವಲ್ಲು ಬಾಯಲ್ಲೇ ಇತ್ತು, ಬಲಗೈಯನ್ನು ರೆಫ್ರಿಯ ಹಾಗೆ ನೆಟ್ಟಗೆ ಆಕಾಶಕ್ಕೆ ಎತ್ತಿ ಹಿಡಿದಿದ್ದ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತುಬಿಟ್ಟೆ. ಚೆಂಡು ಬಲೆಗೆ ಬಿತ್ತು. ಕಡಲೆಕಾಯಿ ತಿನ್ನುತ್ತಿದ್ದವರು ಗೋಲೆಂದು ಕುಣಿದರು, ಕೆಲವರು ನನ್ನನ್ನು ಬೈದರು. ಗೋಲಿಲ್ಲ ಎಂದು ರೆಫ್ರಿ ಕೈ ಇಳಿಸಿದ ಮೇಲೇ ಅಪ್ಪನೂ ಇಳಿಸಿದ. ಪಂದ್ಯ ಡ್ರಾ ಆಯಿತು. ಹಿಂದಕ್ಕೆ ಬರುವ ಬಸ್ಸಿನಲ್ಲಿ ಅಪ್ಪ ಹಿಂದೂಪುರದವರೆಗೂ ಮಾತಾಡಿದ. ನಾನು ಈ ಸಲ ಕಿಟಕಿ ಕಡೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಅವನ ಜೊತೆ ಮಾರ್ಕೆಟ್ಟಿಗೆ ಹೋದೆ. ಅಪ್ಪ ಟೆಂಪೋ ಹತ್ತಿ, ಒಂದು ಹೂವನ್ನು ತಿರುವಿ ನೋಡಿ, ಸದ್ದಿಲ್ಲದೆ ಎಸೆದ. ಅದು ನನ್ನ ಮುಂದೆಯೇ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಟೆಂಪೋದವನು ಬಾಯಿಂದ ಬೀಡಿ ತೆಗೆದು, ನಕ್ಕು ತೆಲುಗಿನಲ್ಲಿ ಕೇಳಿದ.

"ಏಮಮ್ಮಾ ಗೋಲ್‌ಕೀಪರೂ, ಇದೇನಾ ನೀ ಆಟ?"

ಅಪ್ಪ ಇನ್ನೊಂದು ಎತ್ತಿಕೊಂಡು, ಬಾಯಿ ಬಿಗಿಹಿಡಿದು ನಿಂತ. ಕೂಗು ಅಂದೆ. ಕೂಗಿದರೆ ತಪ್ಪಾಗುತ್ತದೆ ಎನ್ನುವ ಹಾಗೆ ತಲೆಯಾಡಿಸಿದ.

"ನೀ ಕೂಗ್ದಿದ್ರೆ ನಂಗೆ ಹಿಡಿಯಾಕೆ ಬರಲ್ಲ ಕಣಪ್ಪ. ಇಷ್ಟ್ ವರ್ಷ ಆಡಿದ್ನಲ್ಲ, ನೀನಿಲ್ದಿದ್ರೂ ಒಂದೊಂದ್ ಬಾಲ್‌ಗೂ ನನ್ ಕಿವೀಲಿ ನೀನೇ ಕೂಗ್ತಿದ್ದೆ."

ಅಪ್ಪ ಟೆಂಪೋ ಮೇಲೆ ನಿಂತೇ ಟವಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಕೈಯಲ್ಲಿದ್ದ ಹೂವನ್ನು ಎಸೆಯುತ್ತ ಮಾರ್ಕೆಟ್ಟೆಲ್ಲ ತಿರುಗಿ ನೋಡುವ ಹಾಗೆ ಕೂಗಿದ, "ಸಮಾತ್!"

ಹಿಡಿದೆ. ಮೂಟೆ ತುಂಬುವವರೆಗೂ ಅವನು ಕೂಗಿದ, ನಾನು ಹಿಡಿದೆ, ಇನ್ನೊಂದು ಹೂವೂ ನೆಲಕ್ಕೆ ಬೀಳಲಿಲ್ಲ.